ಭಾವ ಊದಿದ ಸೀಟಿ

ಧಡ್!

ಹಿಂದಿನ ವ್ಯಾನು ಎರಡನೇ ಸಲ ನನ್ನ ಕಾರಿಗೆ ಗುಮ್ಮಿತು.

ಸ್ಟೀರಿಂಗ್ ಕೈತಪ್ಪಿತು. ಕಾರು ಫುಟ್‌ಪಾತ್ ಹತ್ತಿತು. ತರಕಾರಿ ಬುಟ್ಟಿಯೊಂದನ್ನು ಹಾರಿಸಿ ಮತ್ತೆ ರಸ್ತೆಗೆ ಬಿತ್ತು. ಗಾಜಿನ ತುಂಬ ಟೊಮೆಟೊ ರಸ! ವೈಪರ್ ಹಾಕಿದೆ. ಎಡಕ್ಕೆ ತಿರುಗಿಸಿದೆ.

"ಇಂಡಿಕೇಟರ್ ಹಾಕ್ಲಿಲ್ಲ ನೀನು," ಪಕ್ಕದ ಸೀಟಿನಿಂದ ಭಾವ ಅಂದರು.

ಕೇಳಿಸಿಕೊಂಡಿರಾ ಸಾರ್? ಹಿಂದೆ ಸಾವು ಅಟ್ಟಿಸಿಕೊಂಡು ಬರುತ್ತಿದೆ... ಈ ಮನುಷ್ಯನಿಗೆ ಇಂಡಿಕೇಟರ್ ಚಿಂತೆ!

ಇವರು ನನ್ನ ಅಕ್ಕನ ಗಂಡ. ಅಂತಾರಾಷ್ಟ್ರೀಯ ರಗ್ಬಿ ರೆಫರಿ. ಮೂವತ್ತು ಜನ ದಾಂಡಿಗರು ಒಂದು ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವಾಗ, ನಡುವೆ ನಿಂತು ಸೀಟಿ ಊದುವುದು ಇವರ ಕಸುಬು. ಅದನ್ನು ದೇವರೇ ಒಪ್ಪಿಸಿದ ಕೆಲಸ ಅಂದುಕೊಂಡಿದ್ದಾರೆ. ಮನೆಯಲ್ಲೂ ಅದೇ ಗತ್ತು. ಅಡುಗೆಗೆ ಉಪ್ಪು ಹೆಚ್ಚಾದರೆ ಅಕ್ಕನಿಗೆ ಮೊದಲ ಸಲ ವಾರ್ನಿಂಗ್. ಎರಡನೇ ಸಲ ಹಳದಿ ಕಾರ್ಡಿನ ಮುಖ!

ನಾನೋ... ಜನರ ಗಂಟು ಬಿಡಿಸುವವನು. ದುಡ್ಡು ಕೊಟ್ಟರೆ ಗಂಟು ಹಾಕುವವನು. ಆಫೀಸಿಲ್ಲ, ಬೋರ್ಡಿಲ್ಲ. ಯಾರಾದರೂ ಕೇಳಿದರೆ ಭಾವ "ಏನೋ ಬಿಸಿನೆಸ್ ಮಾಡ್ಕೊಂಡಿದಾನೆ" ಅಂತ ತೇಲಿಸಿಬಿಡುತ್ತಾರೆ.

ಧಡ್!

"ಗಟ್ಟಿಯಾಗಿ ಹಿಡ್ಕೊಳ್ಳಿ ಭಾವ!"

"ಬೆಲ್ಟ್ ಹಾಕ್ಕೊಂಡಿದೀನಿ. ನೀನು ಹಾಕ್ಕೊಂಡಿಲ್ಲ."

ಆ ದಿನ ಬೆಳಿಗ್ಗೆ ರೆಫರಿ ನೇಮಕ ಸಮಿತಿಯ ಚೇರ್ಮನ್ ನನ್ನನ್ನು ಕರೆಸಿದ್ದ. ಜೀವಮಾನದಲ್ಲಿ ಚೆಂಡು ಮುಟ್ಟದ ಕೈ. ಉಗುರಿಗೆ ಪಾಲಿಶ್! ಗೋಡೆಯ ತುಂಬ ಅವನದೇ ಫೋಟೊಗಳು. ಎಲ್ಲದರಲ್ಲೂ ಯಾರೋ ಗೆದ್ದ ಕಪ್ಪನ್ನು ಇವನು ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದ.

"ನಿನ್ನ ಭಾವನ ಜೀವಕ್ಕೆ ಅಪಾಯ ಇದೆ ಕಣಯ್ಯಾ," ಅಂದ. "ಬೆಟ್ಟಿಂಗ್ ಗ್ಯಾಂಗು. ಮಧ್ಯಾಹ್ನದ ಮ್ಯಾಚಿಗೆ ಮುಂಚೆ ಎತ್ತಾಕ್ಕೊಂಡು ಹೋಗ್ತಾರೆ."

"ಪೊಲೀಸ್‌ಗೆ ಹೇಳಿ."

"ಪೊಲೀಸ್‌ಗೆ ಹೇಳೋದೂ ಪೇಪರ್‌ನವರಿಗೆ ಹೇಳೋದೂ ಒಂದೇ. ನೀನು ಹೋಟ್ಲಿಂದ ಕರ್ಕೊಂಡು ಹೋಗು. ನಂದೊಂದು ಹಾಸಿಗೆ ಗೋಡೌನ್ ಇದೆ, ಅಲ್ಲಿ ಬಚ್ಚಿಡು. ಹೊತ್ತಿಗೆ ಸರಿಯಾಗಿ ಕಾರು ಕಳಿಸ್ತೀನಿ. ಫೋನ್ ಮಾತ್ರ ಬೇಡ... ಟ್ಯಾಪ್ ಆಗಿದೆ. ಅವನದು ಹೋಟ್ಲಲ್ಲಿರ್ಲಿ. ನಿಂದು ಇಲ್ಲಿಡು."

"ನಾನೇ ಯಾಕೆ?"

"ನೀನು ಅವನ ಬಾಮೈದ. ನೀನು ಕರೆದ್ರೆ ಒಂದು ಪ್ರಶ್ನೆ ಕೇಳದೆ ಕಾರು ಹತ್ತುತ್ತಾನೆ."

ಆ ಮಾತು ಕಿವಿಗೆ ಬಿದ್ದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಂಥೆಂಥವರಿಗೋ ಟೋಪಿ ಹಾಕಿದವನು ನಾನು. ಅವತ್ತು ತಲೆ ಬಗ್ಗಿಸಿ ಹಾಕಿಸಿಕೊಂಡೆ!

ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಹಾಲಿನ ಲಾರಿ ಅಡ್ಡ ಬಂತು. ನಾನು ನುಸುಳಿದೆ. ವ್ಯಾನು ಸಿಕ್ಕಿಕೊಂಡಿತು. ಮುಂದಿನ ತಿರುವಿನಲ್ಲೇ ಗೋಡೌನ್. ಕಾರನ್ನು ಹಿಂಬದಿಗೆ ತಳ್ಳಿ, ಒಳಗೆ ನುಗ್ಗಿ ಶಟರ್ ಎಳೆದೆ.

ಹೊಸ ಫೋಮಿನ ವಾಸನೆ. ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ಚಾವಣಿಯವರೆಗೂ ಒಟ್ಟಿದ್ದರು. ಭಾವ ಬ್ಯಾಗ್ ಕೆಳಗಿಟ್ಟು ಮಂಡಿ ಮಡಚಿ ವಾರ್ಮ್ ಅಪ್ ಶುರು ಮಾಡಿದರು. ಪ್ರಾಣ ಉಳಿಸಿದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ!

ಕಾದೆವು. ಕಾರು ಬರಲಿಲ್ಲ.

"ಇಷ್ಟು ಹೊತ್ತಿಗೆ ಬರ್ಬೇಕಿತ್ತು," ಭಾವ ವಾಚ್ ನೋಡಿಕೊಂಡರು. ಆಮೇಲೆ ಇನ್ನೊಂದು ಕೈಯ ವಾಚನ್ನೂ ನೋಡಿಕೊಂಡರು. ರೆಫರಿಗಳು ಎರಡು ಕಟ್ಟಿರುತ್ತಾರೆ. ಒಂದನ್ನು ನಂಬಿದರೆ ಇವರ ಗಂಟೇನು ಹೋಗುತ್ತೋ.

ಬೇಜಾರಿಗೆ ಕೇಳಿದೆ. "ಭಾವ, ನೀವು ಹೋಗ್ದಿದ್ರೆ ಮ್ಯಾಚ್ ನಿಂತುಹೋಗುತ್ತಾ?"

"ನಿಲ್ಸೋಕೆ ಟಿವಿಯವರು ಬಿಡ್ತಾರಾ? ಗೆರೆ ಮೇಲೆ ಬಾವುಟ ಹಿಡ್ಕೊಂಡು ಇಬ್ಬರು ಅಸಿಸ್ಟೆಂಟ್ ಓಡ್ತಿರ್ತಾರಲ್ಲ... ಅದ್ರಲ್ಲಿ ಒಂದನೇ ಅಸಿಸ್ಟೆಂಟ್ ಸೀಟಿ ತಗೋತಾನೆ. ಅಷ್ಟೇ."

"ಇವತ್ತು ಒಂದನೇ ಅಸಿಸ್ಟೆಂಟ್ ಯಾರು?"

"ಬೆಣ್ಣೆ."

ನಾನು ಎದ್ದು ಕೂತೆ.

ಬೆಣ್ಣೆ! ರಗ್ಬಿ ಗೊತ್ತಿಲ್ಲದ ನನಗೂ ಆ ಹೆಸರು ಗೊತ್ತು. ದೊಡ್ಡ ತಂಡದವರು ಬಿಸಿ ಮುಖ ತೋರಿಸಿದರೆ ಸಾಕು, ಕರಗಿ ಹರಿದುಬಿಡುವ ಪ್ರಾಣಿ.

"ಯಾವಾಗ ಹಾಕಿದ್ರು ಅವನನ್ನ?"

"ಮೊನ್ನೆ. ಮುಂಚೆ ಹಾಕಿದ್ದವನಿಗೆ ಹುಷಾರಿಲ್ಲ ಅಂತ ಚೇರ್ಮನ್ ಬದಲಾಯಿಸಿದ್ರು."

"ಚೇರ್ಮನ್‌ಗೆ ಅಷ್ಟು ಬೇಕಿದ್ರೆ ಬೆಣ್ಣೆನ ನೇರವಾಗಿ ರೆಫರಿ ಮಾಡ್ಬಹುದಿತ್ತಲ್ಲ?"

"ಹೇಗೆ ಮಾಡ್ತಾರೆ? ರೆಫರಿ ಹೆಸರು ಎರಡು ತಂಡಕ್ಕೂ ಮೊದಲೇ ಹೋಗುತ್ತೆ. ಪೇಪರಲ್ಲಿ ಬರುತ್ತೆ. ಬೆಣ್ಣೆ ಅಂದ್ರೆ ಇವತ್ತು ಎದುರು ಆಡೋ ದ್ವೀಪದ ತಂಡದವರು ಬೊಬ್ಬೆ ಹೊಡೀತಾರೆ. ಅಸಿಸ್ಟೆಂಟ್ ಯಾರು ಅಂತ ಯಾರು ನೋಡ್ತಾರೆ? ಅವನ ಹೆಂಡ್ತಿಗೂ ಗೊತ್ತಿರಲ್ಲ."

ನನಗೆ ಆ ವ್ಯಾನು ನೆನಪಾಯಿತು.

ವ್ಯಾನು ಮೂರು ಸಲ ಗುಮ್ಮಿತ್ತು. ಒಂದು ಸಲವೂ ಮುಂದೆ ಬಂದು ಅಡ್ಡ ಹಾಕಿರಲಿಲ್ಲ. ಅದು ನಮ್ಮನ್ನು ಹಿಡಿಯಲು ಬಂದದ್ದಲ್ಲ. ದನ ಹೊಡೆದ ಹಾಗೆ ಇಲ್ಲಿಗೆ ಹೊಡೆದುಕೊಂಡು ಬಂದದ್ದು!

ಶಟರ್ ಎತ್ತಲು ಹೋದೆ. ಅಲುಗಲಿಲ್ಲ. ಹೊರಗಿನಿಂದ ಬೀಗ!

"ಭಾವ, ಕಾರು ಬರಲ್ಲ. ಬೆಟ್ಟಿಂಗ್ ಗ್ಯಾಂಗೂ ಇಲ್ಲ, ಮಣ್ಣೂ ಇಲ್ಲ. ಇದೆಲ್ಲ ಚೇರ್ಮನ್ ಆಟ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಅವರು ಸಮಿತಿ ಅಧ್ಯಕ್ಷರು."

ನೋಡಿ, ಇಂಥವರನ್ನು ಕಟ್ಟಿಕೊಂಡು ನಾನು ಹೆಣಗಬೇಕು!

ಬಿಡಿಸಿ ಹೇಳಿದೆ. ಆತಿಥೇಯ ತಂಡ ಇವತ್ತು ಸೋತರೆ ಟೂರ್ನಮೆಂಟಿನಿಂದ ಹೊರಗೆ. ಅವರು ಹೊರಬಿದ್ದರೆ ಸೆಮಿಫೈನಲ್ಲಿಗೆ ಖಾಲಿ ಕುರ್ಚಿಗಳು. ಅದಕ್ಕೇ ವೇಳಾಪಟ್ಟಿಯನ್ನೂ ತಿರುಚಿದ್ದರು. ಆತಿಥೇಯರಿಗೆ ಮ್ಯಾಚಿಗೂ ಮ್ಯಾಚಿಗೂ ನಡುವೆ ಒಂದು ವಾರ ವಿಶ್ರಾಂತಿ. ದ್ವೀಪದ ಬಡಪಾಯಿ ತಂಡಕ್ಕೆ ನಾಲ್ಕೇ ದಿನ. ಮೈಮೇಲಿನ ಬಾವು ಇಳಿಯುವ ಮುಂಚೆ ಮತ್ತೆ ಮೈದಾನ! ಆದರೂ ಆ ಮೊಂಡರು ಗೆಲ್ಲುತ್ತಲೇ ಬಂದಿದ್ದರು. ಉಳಿದ ದಾರಿ ಸೀಟಿಯೊಂದೇ.

"ಮ್ಯಾಚ್ ದಿನ ರೆಫರಿ ನಾಪತ್ತೆ," ಅಂದೆ. "ಕೊನೆಗೆ ನೋಡಿದವರು ಯಾರ ಜೊತೆ ನೋಡಿದ್ರು? ಇಂಥಿಂಥ ವ್ಯವಹಾರ ಮಾಡೋ ಬಾಮೈದನ ಜೊತೆ. ಜನ ಏನಂತಾರೆ? ದುಡ್ಡು ತಗೊಂಡು ಓಡಿಹೋದ ಅಂತಾರೆ. ಆಮೇಲೆ ನಿಮ್ಮ ಹೆಸರು ಚರಂಡಿಗೆ."

ಭಾವನ ಮುಖ ಮೊದಲ ಸಲ ಬಣ್ಣಗೆಟ್ಟಿತು. ಅವರ ಹತ್ತಿರ ಆಸ್ತಿ ಇಲ್ಲ, ಕಾರಿಲ್ಲ. ಇರುವುದು ಆ ಹೆಸರೊಂದೇ.

"ಎಲ್ಲಿ ಹೊರಗೆ ಹೋಗೋ ದಾರಿ?" ಅಂದರು.

ಮೇಲೆ ಒಂದು ಕಿಟಕಿ. ಹಾಸಿಗೆಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಇಣುಕಿದೆ. ಕೆಳಗೆ ಅದೇ ವ್ಯಾನು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದರ ಡ್ರೈವರ್ ಗೂಳಿ ಕಿತ್ತಳೆ ಸುಲಿಯುತ್ತಿದ್ದ. ಚೇರ್ಮನ್ನಿನ ಬಾಡಿಗೆ ರೌಡಿ. ಕತ್ತಿನ ದಪ್ಪಕ್ಕೆ ತಕ್ಕ ಹೆಸರು.

ಡಬಲ್ ಬೆಡ್ಡಿನ ಹಾಸಿಗೆಯೊಂದನ್ನು ಕಿಟಕಿಯಿಂದ ತೂರಿಸಿ ತಳ್ಳಿದೆ. ಅದು ಗೂಳಿಯ ತಲೆಯ ಮೇಲೇ ಬಿತ್ತು! ಅದರ ಮೇಲೆ ಇನ್ನೊಂದು. ಅದರ ಮೇಲೆ ನಾನು!

ಕೆಳಗಿನಿಂದ ಬೈಗುಳ ಕೇಳಿಸಿತು. ಗೂಳಿ ಹಾಸಿಗೆ ಎತ್ತಿ ಬಿಸಾಕಿ ಎದ್ದ. ಒಂದೇ ಏಟು ಕೊಟ್ಟ ನೋಡಿ... ನಾನು ವ್ಯಾನಿಗೆ ಬಡಿದು ಕುಸಿದೆ. ಬಾಯಲ್ಲಿ ರಕ್ತ. ಗೂಳಿ ಜಾಕ್ ರಾಡ್ ಎತ್ತಿಕೊಂಡ.

"ಮುಗೀತು ನಿನ್ನ ಕಥೆ!"

ಅಷ್ಟರಲ್ಲಿ ಕಿಟಕಿಯಿಂದ ಹಾಸಿಗೆಯ ಮೇಲೆ ಬ್ಯಾಗೊಂದು ಬಿತ್ತು, ಅದರ ಹಿಂದೆಯೇ ಹಾರಿ ಪಕ್ಕದಿಂದ ಏನೋ ನುಗ್ಗಿತು. ಭಾವ! ತಲೆ ತಗ್ಗಿಸಿ, ಭುಜ ಕೊಟ್ಟು, ಗೂಳಿಯ ತೊಡೆಗಳನ್ನು ತಬ್ಬಿ ಎತ್ತಿ ಕೆಡವಿದರು. ಅವನ ತಲೆ ಕಾಂಕ್ರೀಟಿಗೆ ಬಡಿಯಿತು. ರಾಡ್ ಉರುಳಿತು. ನಾನು ತಡಮಾಡದೆ ಒದೆಯಲು ಕಾಲೆತ್ತಿದೆ.

"ಏಯ್! ಬಿದ್ದವನನ್ನ ಒದೀತೀಯಾ?"

"ಇದೇನು ಮ್ಯಾಚಾ ಭಾವ?!"

"ಒದೀಬಾರ್ದು ಅಂದ್ರೆ ಒದೀಬಾರ್ದು."

ಅವರು ಅತ್ತ ತಿರುಗಿದ ಮೇಲೆ ಒಂದು ಒದ್ದೆ. ಬರೆದುಕೊಳ್ಳಿ, ಪರವಾಗಿಲ್ಲ.

ವ್ಯಾನಿನ ಕೀಲಿ ಅದರಲ್ಲೇ ಇತ್ತು. ಸಿಗ್ನಲ್, ಒನ್ ವೇ ಯಾವುದನ್ನೂ ನೋಡಲಿಲ್ಲ. ಭಾವ ಹಿಂದೆ ಬಟ್ಟೆ ಬದಲಾಯಿಸುತ್ತಾ ನನ್ನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಸ್ಟೇಡಿಯಂ ಗೇಟಿನಲ್ಲಿ ಗಾರ್ಡ್ ಪಾಸ್ ಕೇಳಿದ. ಪಾಸ್ ಎಲ್ಲಿಂದ ತರೋಣ? ಅಡ್ಡಕಂಬಿ ಮುರಿದುಕೊಂಡು ಒಳಗೆ ಹೋದೆ.

ರೆಫರಿಗಳ ಕೋಣೆ. ಒಂದು ಬೆಂಚು, ನಾಲ್ಕು ಗೂಟ, ಮುಲಾಮಿನ ಘಾಟು. ಬೆಣ್ಣೆ ಬೂಟಿನ ಲೇಸ್ ಬಿಗಿಯುತ್ತಿದ್ದ. ಅವನ ಎದೆಗೆ ಆಗಲೇ ಮೈಕ್ ಸಿಕ್ಕಿಸಿದ್ದರು. ಪಕ್ಕದಲ್ಲಿ ಚೇರ್ಮನ್, ಕೈಯಲ್ಲಿ ಕಾಫಿ.

ನಮ್ಮನ್ನು ನೋಡಿ ಕಾಫಿ ತುಳುಕಿತು.

"ಲೇಟಾಯ್ತಲ್ಲಪ್ಪಾ," ಅಂದ, ತಕ್ಷಣ ಸಾವರಿಸಿಕೊಂಡು. "ಬದಲಾವಣೆ ಆಗ್ಹೋಗಿದೆ."

"ನಾನು ಅನ್‌ಫಿಟ್ ಅಂತ ಮ್ಯಾಚ್ ಡಾಕ್ಟರ್ ಬರೆದುಕೊಟ್ಟಿದಾರಾ?" ಭಾವ ಕೇಳಿದರು.

"ಇಲ್ಲ, ಆದ್ರೆ..."

"ಕಿಕ್ ಆಫ್ ಆಗಿದೆಯಾ?"

"ಇನ್ನೇನು..."

"ಹಾಗಾದ್ರೆ ನೇಮಕ ನಂದೇ." ಬೆಣ್ಣೆಯ ಮುಂದೆ ಕೈ ಚಾಚಿದರು. "ಮೈಕ್ ಕೊಡು."

ಬೆಣ್ಣೆ ಚೇರ್ಮನ್ ಮುಖ ನೋಡಿದ. ಭಾವನ ಮುಖ ನೋಡಿದ. ಕರಗಿದ. ಕೊಟ್ಟುಬಿಟ್ಟ!

ಭಾವ ಹೋದ ಮೇಲೆ ಚೇರ್ಮನ್ ನನ್ನ ಕಿವಿಯ ಹತ್ತಿರ ಬಂದ. "ಹೋಟ್ಲಿಂದ ನೀನು ಅವನನ್ನ ಕರ್ಕೊಂಡು ಹೋಗಿದ್ದು ಕ್ಯಾಮರಾದಲ್ಲಿದೆ. ನಾನು ಹೇಳಿದೆ ಅನ್ನೋದು ಎಲ್ಲೂ ಇಲ್ಲ. ಬಾಯಿ ಬಿಟ್ರೆ ಕಿಡ್ನ್ಯಾಪ್ ಕೇಸಲ್ಲಿ ಒಳಗೆ ಹೋಗೋನು ನೀನು. ಹುಷಾರ್."

ನಾನು ಅವನ ಟೈಗೆ ಬಾಯಿಯ ರಕ್ತ ಒರೆಸಿ ಹೊರಗೆ ಬಂದೆ.

ಮ್ಯಾಚು ನೋಡಿದೆ. ದ್ವೀಪದವರು ಕೊನೆಯ ನಿಮಿಷದವರೆಗೂ ಒಂದೇ ಒಂದು ಪಾಯಿಂಟ್ ಮುಂದಿದ್ದರು. ಹೊತ್ತು ಮುಗಿದೇಹೋಗಿತ್ತು. ಚೆಂಡು ಅವರ ಕೈಯಲ್ಲೇ. ಹೊರಗೆ ಒದ್ದರೆ ಮುಗಿಯಿತು. ಅಷ್ಟರಲ್ಲಿ ಅವರ ದೈತ್ಯ ಆಟಗಾರನೊಬ್ಬ ಚೆಂಡು ಸಮೇತ ನೆಲಕ್ಕೆ ಬಿದ್ದ. ಬಿದ್ದವನು ತಕ್ಷಣ ಚೆಂಡು ಬಿಡಬೇಕು. ಅದು ನಿಯಮ. ಅವನು ತಬ್ಬಿಕೊಂಡೇ ಇದ್ದ.

ಒಂದು ಕ್ಷಣ. ಅಷ್ಟೇ ಸಾರ್.

ಊದಬೇಡಿ ಭಾವ... ನಾನು ಎದ್ದು ನಿಂತು ಕಿರುಚಿದೆ. ಇವತ್ತೊಂದು ದಿನ ಕುರುಡರಾಗಿ!

ಸೀಟಿ ಕೇಳಿಸಿತು.

ಪೆನಾಲ್ಟಿ. ಆತಿಥೇಯರು ಕಂಬಗಳ ನಡುವೆ ಒದ್ದರು. ಮೂರು ಪಾಯಿಂಟ್. ಗೆದ್ದರು!

ದೊಡ್ಡ ಪರದೆಯ ಮೇಲೆ ಮತ್ತೆ ಮತ್ತೆ ತೋರಿಸಿದರು. ನಾನು ಕಣ್ಣು ಕೀಲಿಸಿ ನೋಡಿದೆ. ಅವನು ಚೆಂಡು ಬಿಟ್ಟಿರಲಿಲ್ಲ. ತೀರ್ಪು ನೂರಕ್ಕೆ ನೂರು ಸರಿ. ಚೇರ್ಮನ್ ಗೂಳಿಗೆ ಸುರಿದ ದುಡ್ಡೆಲ್ಲ ದಂಡ. ಅವನಿಗೆ ಬೇಕಾಗಿದ್ದನ್ನು ನನ್ನ ಭಾವ ಬಿಟ್ಟಿಯಾಗಿ ಮಾಡಿಕೊಟ್ಟರು!

ಆಮೇಲಿನದು ನಿಮಗೇ ಗೊತ್ತು. 'ಮ್ಯಾಚಿಗೆ ಮುಂಚೆ ರೆಫರಿ ಎಲ್ಲಿದ್ದ?' ಅಂತ ಪೇಪರುಗಳು ಕಿರುಚಿಕೊಂಡವು, ವಿಚಾರಣೆ ಶುರುವಾಯಿತು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಆಗ ಚೇರ್ಮನ್ ಬಂದೂಕಿಲ್ಲದೆ ಗುಂಡು ಹಾರಿಸಿದ. ಫೈನಲ್ಲಿಗೆ ಭಾವನನ್ನೇ ನೇಮಿಸಿದ! ಒಪ್ಪಿಕೊಂಡರೆ ಅದು ಲಂಚದ ಬಾಬ್ತು. ಬೇಡವೆಂದರೆ ಕಳ್ಳನ ಮನಸ್ಸು ಹುಳ್ಳಗೆ ಅಂತ ಊರೆಲ್ಲ ನಗುತ್ತದೆ.

ನಿನ್ನೆ ಅಕ್ಕ ಬಂದಿದ್ದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಲೋ, ನಿಜ ಹೇಳು. ನಿಮ್ಮ ಭಾವ ದುಡ್ಡು ತಗೊಂಡ್ರಾ?"

"ನೀನೂ ಕೇಳ್ತೀಯಾ ಅಕ್ಕಾ?"

"ಮತ್ತೇನ್ ಮಾಡ್ಲಿ? ಆ ಹೊತ್ತಲ್ಲಿ ಎಲ್ಲಿದ್ರಿ ಅಂದ್ರೆ ಬಾಯೇ ಬಿಡ್ತಿಲ್ಲ. ವಿಚಾರಣೆಯವರು ಕೇಳಿದ್ರೂ ಸುಮ್ನೆ ಕೂತಿದ್ರಂತೆ. ಮೂರು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ ಕಣೋ."

ನನಗೆ ತಟ್ಟನೆ ಅರ್ಥವಾಯಿತು. ಎಲ್ಲಿದ್ದೆ ಅಂತ ಹೇಳಿದರೆ ಕರೆದುಕೊಂಡು ಹೋದವನು ಯಾರು ಅಂತಲೂ ಹೇಳಬೇಕು. ಅಕ್ಕನ ಅಡುಗೆಯ ಉಪ್ಪನ್ನೂ ಬಿಡದ ಮನುಷ್ಯ... ಜೀವನದಲ್ಲಿ ಒಂದೇ ಒಂದು ತಪ್ಪಿಗೆ ಸೀಟಿ ಊದದೆ ಬಿಟ್ಟರು. ನನ್ನ ತಪ್ಪಿಗೆ.

ನಾಚಿಕೆಯಾಯಿತು ಸಾರ್. ಸಿಟ್ಟೂ ಬಂತು. ನನ್ನನ್ನು ಬಚಾವ್ ಮಾಡಿ ಅಂತ ಇವರನ್ನು ಕೇಳಿದವರು ಯಾರು?

ಅದಕ್ಕೇ ಬೆಳಿಗ್ಗೆ ಎದ್ದು ನೆಟ್ಟಗೆ ನಿಮ್ಮ ಸ್ಟೇಷನ್ನಿಗೆ ಬಂದೆ. ಹೌದು, ರೆಫರಿಯನ್ನು ಎತ್ತಿಕೊಂಡು ಹೋದವನು ನಾನೇ. ಕಳಿಸಿದವನು ಚೇರ್ಮನ್. ಅವನು ಸಿಗುತ್ತಾನೋ ಜಾರಿಕೊಳ್ಳುತ್ತಾನೋ ನಿಮಗೆ ಬಿಟ್ಟದ್ದು. ನಾನಂತೂ ಸಿಕ್ಕಿದ್ದೇನೆ. ಕೈಗೆ ಹಾಕುವುದಿದ್ದರೆ ಹಾಕಿ.

ಎಲ್ಲಿ ಸೈನ್ ಮಾಡಬೇಕು? ಇಲ್ಲೇನಾ?

ಸರಿ. ಆದರೆ ಇದರ ಕೆಳಗೆ ಒಂದು ಮಾತು ಸೇರಿಸಿ, ನಮ್ಮ ಅಕ್ಕನಿಗೂ ಒಂದು ಕಾಪಿ ಕಳಿಸಿ... ಲಂಚ ತಿನ್ನುವುದಕ್ಕೂ ಒಂದಿಷ್ಟು ಬುದ್ಧಿ ಬೇಕು ಸಾರ್, ನಮ್ಮ ಭಾವನಿಗೆ ಅದು ಎಳ್ಳಷ್ಟೂ ಇಲ್ಲ!