ಅಕ್ಕನ ಪಾಸ್‌ವರ್ಡ್

ಹೇಳಿದರೆ ನಗುತ್ತೀರಿ, ಆದರೂ ಹೇಳುತ್ತೇನೆ. ಆ ಮಧ್ಯಾಹ್ನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಕ್ಕನ ಹೊಸ ಹಲ್ಲಿನ ಕ್ಲಿನಿಕ್ ಮರುದಿನ ತೆರೆಯಬೇಕಿತ್ತು. ರೋಗಿಗಳ ಎಕ್ಸ್‌ರೇ ಹೊರಗೆ ಸೋರಬಾರದೆಂದು ನಾನು ಚಾವಣಿಗೆ ವೈಫೈ ಪೆಟ್ಟಿಗೆ ಕೂರಿಸಿ, ಉದ್ದನೆಯ ಪಾಸ್‌ವರ್ಡ್ ಹಾಕಿದೆ. ಹಾಕಿದ್ದೇ ತಡ, ಲ್ಯಾಪ್‌ಟಾಪಿನಲ್ಲಿ ಎಚ್ಚರಿಕೆ ಬಂತು: ಹೆಸರಿಲ್ಲದ ಯಾವುದೋ ಫೋನು ತಪ್ಪು ಪಾಸ್‌ವರ್ಡ್ ಕೊಟ್ಟು ಒಳಬರಲು ನೋಡುತ್ತಿದೆ.

"ಅಕ್ಕಾ, ಕಳ್ಳ ಸಿಕ್ಕಿಬಿದ್ದ!" ಎಂದು ಕುಣಿದೆ.

ಆ ಫೋನಿನ ಸಿಗ್ನಲ್ ಪೂರ್ತಿ ಇತ್ತು. ಅಂದರೆ ಅದು ಇದೇ ಕೋಣೆಯಲ್ಲಿರಬೇಕು. ನಮ್ಮಿಬ್ಬರ ಫೋನು ಆಫ್ ಮಾಡಿ, ಬಾಗಿಲು ಹಾಕಿ, ಕಪಾಟುಗಳನ್ನೆಲ್ಲ ಜಾಲಾಡಿದೆವು. ಏನೂ ಇಲ್ಲ. ಎಸಿ ಇನ್ನೂ ಜೋಡಿಸಿರಲಿಲ್ಲ. ಆದರೂ ಅಕ್ಕನ ಪಕ್ಕ ನಿಂತಾಗ ಮಾತ್ರ ನನ್ನ ಕಾಲು ಮೊಣಕಾಲಿನವರೆಗೆ ತಣ್ಣಗಾಗುತ್ತಿತ್ತು. ಲ್ಯಾಪ್‌ಟಾಪ್ ಪ್ರತಿ ತಪ್ಪು ಪ್ರಯತ್ನಕ್ಕೂ ಬಾಗಿಲು ತಟ್ಟಿದ ಹಾಗೆ ಟಕ್, ಟಕ್ ಎನ್ನುತ್ತಲೇ ಇತ್ತು. ಪಾಸ್‌ವರ್ಡ್ ಬದಲಿಸಿದೆ, ತಟ್ಟುವುದು ನಿಲ್ಲಲಿಲ್ಲ.

"ನಿನ್ನ ಕೈಲಾಗಲ್ಲ, ಆಕಡೆ ಸರಿ," ಎಂದು ಅಕ್ಕ ನನಗೆ ಬೆನ್ನು ಮಾಡಿ ತಾನೇ ಹೊಸದೊಂದನ್ನು ಟೈಪಿಸಿದಳು.

ಸದ್ದು ನಿಂತಿತು. ಆ ಫೋನು ಒಂದೇ ಪ್ರಯತ್ನಕ್ಕೆ ಒಳಗೆ ಬಂದಿತ್ತು.

"ಏನು ಹಾಕ್ದೆ?"

ಅಕ್ಕ ನನ್ನ ಕಡೆ ತಿರುಗಿದಳು. "ಒಂದು ಹೆಸರು ಕಣೋ. ಹೊಟ್ಟೇಲೇ ಹೋಯ್ತಲ್ಲ ನನ್ನ ಮಗು, ಅದಕ್ಕೆ ಅಂತ ಇಟ್ಕೊಂಡಿದ್ದೆ. ನಿಮ್ಮ ಭಾವಂಗೂ ಹೇಳಿಲ್ಲ."

ಬದಲಿಸೋಣವೆಂದೆ. "ಮುಟ್ಟಿದ್ರೆ ನೋಡು!" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು.

ಕ್ಲಿನಿಕ್ ಚೆನ್ನಾಗಿ ನಡೆಯುತ್ತಿದೆ. ಬೆಳಿಗ್ಗೆ ಅಕ್ಕ ಬಂದಾಗ ಆ ಫೋನು ಸೇರಿಕೊಳ್ಳುತ್ತದೆ. ಅವಳು ಮನೆಗೆ ಹೊರಟಾಗ ಅದೂ ಹೊರಡುತ್ತದೆ.