ತೊಳೆದಿಟ್ಟ ಭರಣಿ

ಬೇಕರಿ ಅಕ್ಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ ಕಂಪೌಂಡರು ಕಾಫಿಗೆ ಬ್ರೆಡ್ಡು ಅದ್ದುತ್ತಿದ್ದರು. ಎದುರಿಗೆ ಅವರ ಅತ್ತಿಗೆ, ಅಂದರೆ ತೀರಿಕೊಂಡ ಹೆಂಡತಿಯ ಅಕ್ಕ, ಉಳಿದ ಬ್ರೆಡ್ಡನ್ನು ಕೈಯಲ್ಲೇ ಮುರಿದು ಮೂರು ಪಾಲು ಮಾಡುತ್ತಿದ್ದರು. ತಿನ್ನುವವರು ಇಬ್ಬರೇ. ಮೂರನೆಯ ಪಾಲು ದಿನವೂ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇರುತ್ತಿತ್ತು, ಆಮೇಲೆ ಇಬ್ಬರಲ್ಲಿ ಯಾರೋ ಒಬ್ಬರು ಅದನ್ನು ತಿಂದು ಮುಗಿಸುತ್ತಿದ್ದರು.

ಈ ಅತ್ತಿಗೆಯನ್ನು ಇಡೀ ಬೀದಿ ದೊಡ್ಡಮ್ಮ ಎಂದು ಕರೆಯುತ್ತಿತ್ತು. ಆಯುಷ್ಯವೆಲ್ಲ ಕೋರ್ಟಿನಲ್ಲಿ ಟೈಪು ಮಾಡುತ್ತಾ ಸುಳ್ಳರ ಮಾತು ಕೇಳಿಸಿಕೊಂಡಿದ್ದ ಹೆಂಗಸು. ನಿವೃತ್ತಿಯಾದ ಮೇಲೆ ಬೀದಿಯ ಕಳುವು, ಮೋಸ, ಕಾಣೆಯಾದದ್ದು ಎಲ್ಲ ಅವರ ಊಟದ ಮೇಜಿಗೇ ಬರುತ್ತಿತ್ತು. ಅವರ ಶುಲ್ಕ ಒಂದು ಒಳ್ಳೆಯ ಊಟ. ಊಟ ರುಚಿಯಿಲ್ಲದಿದ್ದರೆ ಮಾತ್ರ ಕೇಸು ಬಗೆಹರಿದ ಮೇಲೂ ವಾರಗಟ್ಟಲೆ ಗೊಣಗುತ್ತಿದ್ದರು. ಎದುರು ಕೋಣೆಯಲ್ಲಿದ್ದ ಕಂಪೌಂಡರು ಅವರ ಬಲಗೈ, ಚೀಲ ಹೊರುವವರು, ಬೈಸಿಕೊಳ್ಳುವವರು, ಎಲ್ಲವೂ.

"ದೊಡ್ಡಮ್ಮಾ, ನನ್ನ ಮನೆ ಮುಳುಗ್ತು," ಎಂದು ಬೇಕರಿ ಅಕ್ಕ ಒಂದು ಕಂದು ಭರಣಿಯನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈ ತಟ್ಟಿ ಹಿಟ್ಟು ಕೊಡವಿಕೊಂಡು, ಅದರ ಪಕ್ಕದಲ್ಲೇ ತಲೆ ಇಟ್ಟುಬಿಟ್ಟಳು. ಅವಳ ಏಪ್ರನ್ನಿನ ತುಂಬ ಹಿಟ್ಟು. "ಅಮ್ಮನ ಹಿಟ್ಟನ್ನ ಯಾರೋ ಕದ್ದಿದ್ದಾರೆ!"

ಅಮ್ಮನ ಹಿಟ್ಟು ಎಂದರೇನೆಂದು ಕಂಪೌಂಡರಿಗೆ ಗೊತ್ತಿತ್ತು. ಬೇಕರಿ ಅಕ್ಕನ ತಾಯಿ ಹರೆಯದಲ್ಲಿ ಹುಳಿ ಬರಿಸಿದ ಹಿಟ್ಟು ಅದು. ದಿನವೂ ಅದನ್ನು ಹೊಸ ಹಿಟ್ಟಿಗೆ ಬೆರೆಸಿ ಬ್ರೆಡ್ಡು ಮಾಡಬೇಕು, ಬೆರೆಸುವ ಮುಂಚೆ ಒಂದು ಹಿಡಿ ತೆಗೆದು ಮತ್ತೆ ಭರಣಿಗೆ ಹಾಕಬೇಕು, ಬೆಳಿಗ್ಗೆ ಅದಕ್ಕೆ ಹಿಟ್ಟು ನೀರು ಕೊಡಬೇಕು. ಹಾಗೆಯೇ ತಾಯಿ ಸತ್ತ ಮೇಲೂ ಅದು ಬದುಕಿತ್ತು. ಎದುರುಗಡೆ ಗಾಜಿನ ಗೋಡೆಯ ಕೆಫೆ ಬಂದು ಅರ್ಧ ಗಿರಾಕಿಗಳು ಅತ್ತ ವಾಲಿದ ಮೇಲೆ ಬೇಕರಿಯನ್ನು ಉಳಿಸಿದ್ದು ಆ ಬ್ರೆಡ್ಡೊಂದೇ.

"ಭರಣೀನ ದಿನಾ ತೆಗೆಯೋರು ಯಾರು?" ದೊಡ್ಡಮ್ಮ ಕೇಳಿದರು.

"ಅಪ್ಪನೇ. ಹಿಟ್ಟು ಕಲಸೋದೂ ಅವರೇ, ಮಧ್ಯಾಹ್ನ ಕಲಸಿಟ್ಟು ಬೆಳಿಗ್ಗೆ ಬೇಯಿಸ್ತಾರೆ. ಇವತ್ತು ಅವರಿಗೆ ಸೊಂಟ ಹಿಡಿದಿತ್ತು. ನೀನೇ ಹಿಟ್ಟು ನೀರು ಹಾಕು ಅಂದ್ರು. ಭರಣಿ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದ್ರೆ ಹೀಗೆ! ಇನ್ನು ಅದು ಸಿಗದಿದ್ರೆ ಅಂಗಡೀನ ಆ ಗಾಜಿನಂಗಡಿಯವನಿಗೇ ಕೊಟ್ಟು ಎದ್ದು ಹೋಗ್ತೀನಿ, ಅಷ್ಟೇ."

ದೊಡ್ಡಮ್ಮ ಭರಣಿಯೊಳಗೆ ಮೂಗು ತೂರಿಸಿದರು. ಆಮೇಲೆ ಬೆರಳಾಡಿಸಿದರು. ಒಳಗೆ ಒಂದು ಕಲೆಯೂ ಇರಲಿಲ್ಲ, ಸೋಪಿನ ವಾಸನೆ ಬರುತ್ತಿತ್ತು.

"ನೀವು ಇದನ್ನ ತೊಳೀತೀರಾ?"

"ಅಯ್ಯೋ, ಉಂಟೇ! ಅಮ್ಮ ಇದ್ದಾಗಿಂದ ಇದಕ್ಕೆ ಸೋಪು ಮುಟ್ಟಿಸಿಲ್ಲ."

"ಅಂದ್ರೆ ಇದೇ ಕೊನೇ ಬ್ರೆಡ್ಡು," ಎಂದು ಕಂಪೌಂಡರು ಕೈಯಲ್ಲಿದ್ದ ತುಂಡನ್ನು ನೋಡಿದರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ಏನೂ ಸೇರದಿದ್ದಾಗಲೂ ಈ ಬ್ರೆಡ್ಡಿನ ಹೊರಪದರವನ್ನು ಚೀಪುತ್ತಿದ್ದಳು. ಅಳು ಮರೆಸಲು ಅವರು ಏನಾದರೂ ಹೇಳಬೇಕಿತ್ತು. "ಇವತ್ತು ಹುಳಿ ಸ್ವಲ್ಪ ಜಾಸ್ತೀನೇ ಇದೆ. ಅವಳಿದ್ದಿದ್ರೆ ಕುಣಿದಾಡ್ತಿದ್ಲು."

ದೊಡ್ಡಮ್ಮ ಅವರನ್ನೇ ಒಂದು ಗಳಿಗೆ ದಿಟ್ಟಿಸಿದರು. "ಜಾಸ್ತಿ ಇದೆ ಅಲ್ವಾ? ನನಗೂ ಹಾಗೇ ಅನ್ನಿಸ್ತು," ಎಂದು ಚಪ್ಪಲಿ ಹುಡುಕಿದರು.

ಬೇಕರಿಯ ಒಳಕೋಣೆಯಲ್ಲಿ ಭರಣಿಯ ಗೂಡು ಒಲೆಯ ಪಕ್ಕದಲ್ಲೇ ಇತ್ತು. ಅಲ್ಲಿಗೆ ಹೋಗಬೇಕಾದರೆ ಕೇಕಿನ ಮೇಜು ದಾಟಬೇಕು. ಕೇಕ್ ಮಾಸ್ತರು ಮುಖ ಊದಿಸಿಕೊಂಡು ಕೆನೆ ಕಡೆಯುತ್ತಿದ್ದರು. ಅವರು ಗಾಜಿನಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದನ್ನು ಬೀದಿಯವರು ಎಷ್ಟೋ ಸಲ ನೋಡಿದ್ದರು.

"ಅಲ್ಲಿ ಏನು ಕೆಲಸ ನಿಮಗೆ?" ಎಂದು ದೊಡ್ಡಮ್ಮ ಕೇಳಿದ್ದಕ್ಕೆ, "ನನ್ನ ಸ್ವಂತ ವಿಷಯ," ಎನ್ನುವಾಗ ಅವರ ಕಿವಿ ಕೆಂಪಾಯಿತು.

ಗಾಜಿನಂಗಡಿಯ ಸಾಹುಕಾರನೂ ಅಷ್ಟರಲ್ಲೇ ಬಂದು ಹಲ್ಲು ಕಿರಿದ. "ಪಾಪ, ಹೀಗಾಗಬಾರದಿತ್ತು. ನಿನ್ನೆ ಮಧ್ಯಾಹ್ನವೂ ಒಳಗೆ ಕೂತು ಅದನ್ನೇ ಹೇಳ್ತಿದ್ದೆ, ಅಂಗಡಿ ಕೊಡೋದಾದ್ರೆ ನಾನಿದ್ದೀನಿ ಅಂತ." ಅವನನ್ನು ಒಳಗೆ ಕೂರಿಸಿ ತಾನು ಗಿರಾಕಿಗಳ ಹತ್ತಿರ ಹೋಗಿದ್ದು ನಿಜವೆಂದು ಅಕ್ಕ ಒಪ್ಪಿಕೊಂಡಳು.

ಒಲೆಯ ಮುಂದೆ ಅಕ್ಕನ ಅಪ್ಪ ಕೂತಿದ್ದರು. ಬೀದಿಯ ಮಕ್ಕಳು ಅವರನ್ನು ಒಲೆತಾತ ಎನ್ನುತ್ತಿದ್ದರು. ದೊಡ್ಡಮ್ಮ ಚೀಲದಿಂದ ಕರವಸ್ತ್ರ ತೆಗೆಯಲು ಹೋಗಿ ಚಿಲ್ಲರೆಯನ್ನೆಲ್ಲ ನೆಲಕ್ಕೆ ಚೆಲ್ಲಿದರು. ತಾತ ಥಟ್ಟನೆ ಎದ್ದು, ಬಗ್ಗಿ, ಮೂಲೆಗೆ ಉರುಳಿದ್ದನ್ನೂ ಬಿಡದೆ ಆರಿಸಿ ಕೊಟ್ಟರು. "ಜೋಪಾನ ತಾಯಿ," ಎಂದರು.

"ಏನು ಅತ್ತಿಗೆ, ಕೈ ನಡುಗುತ್ತಾ?" ಎಂದು ಹೊರಗೆ ಬಂದ ಮೇಲೆ ಕಂಪೌಂಡರು ಕೇಳಿದರು.

"ನನ್ನ ಕೈ ನೆಟ್ಟಗಿದೆ. ನಿಮಗೆ ಹಸಿವಿದೆಯಾ? ನಡೀರಿ, ಊರೆಲ್ಲ ತಿಂದು ಬರೋಣ. ಎಲ್ಲಿ ಬ್ರೆಡ್ಡು ಕೊಡ್ತಾರೋ ಅಲ್ಲೆಲ್ಲ."

ಆ ದಿನ ಕಂಪೌಂಡರಿಗೆ ಹೊಟ್ಟೆಗಿಂತ ಎದೆಯೇ ಭಾರವಾಯಿತು. ಸಿನಿಮಾ ಮಂದಿರದ ಹಿಂದಿನ ಟೀ ಅಂಗಡಿಯಲ್ಲಿ ಆಮ್ಲೆಟ್ಟಿನ ಜೊತೆ ಬಂದದ್ದು ಹತ್ತಿಯಂಥ ಬಿಳಿ ಬ್ರೆಡ್ಡು. ಹೊಸದಾಗಿ ಮದುವೆಯಾದಾಗ ಹೆಂಡತಿ ಅಲ್ಲೇ ಬಾಯಿ ಸುಟ್ಟುಕೊಂಡು ಅವರನ್ನು ಬೈದಿದ್ದಳು. ರೈಲ್ವೆ ಕ್ಯಾಂಟೀನಿನ ಟೋಸ್ಟು ಹಲಗೆಯಷ್ಟು ಗಟ್ಟಿ. ಅಲ್ಲಿಯ ಕಿಟಕಿ ಪಕ್ಕದ ಕುರ್ಚಿ ಅವಳದು, ಹೋಗುವ ರೈಲಿಗೆಲ್ಲ ಕೈ ಬೀಸುವ ಚಾಳಿ ಅವಳಿಗೆ. ಹಳೆಯ ಸೇತುವೆಯ ಹತ್ತಿರದ ಬಿಸ್ಕತ್ತಿನಂಗಡಿಯಲ್ಲಿ ಬನ್ನು ಸಿಹಿಯಾಗಿತ್ತು. ದೊಡ್ಡಮ್ಮ ಎಲ್ಲ ಕಡೆಯೂ ಒಂದು ತುತ್ತು ತಿಂದು ತಲೆಯಾಡಿಸಿ ಎದ್ದರು. ಕಂಪೌಂಡರು ಮಾತ್ರ ಎಲ್ಲ ಕಡೆಯೂ ಪಕ್ಕದ ಕುರ್ಚಿಯನ್ನು ನೋಡಿ ಎದ್ದರು. ಅವಳು ಇನ್ನೊಂದು ಸಲ ಬಂದು ಕೂತರೆ ಸಾಕು, ಬೈದರೂ ಸರಿ ಎನ್ನಿಸಿತು.

ಕೊನೆಗೆ ಬೇಕರಿಯಿಂದ ಎರಡೇ ಬಸ್ ಸ್ಟಾಪು ಆಚೆ, ಗ್ಯಾರೇಜುಗಳ ನಡುವೆ ಒಂದು ಸೂಪಿನ ಅಂಗಡಿ ಸಿಕ್ಕಿತು. ಯಜಮಾನಿ ಮಾತುಗಾರ್ತಿ, ಚುರುಕಿನ ಹೆಂಗಸು. ಕಂಪೌಂಡರು ಮೂಲೆಯ ಮೆತ್ತೆ ಹಾಕಿದ ಕುರ್ಚಿಗೆ ಕೈ ಹಾಕಿದಾಗ ಅವಳು ಓಡಿ ಬಂದಳು.

"ಅದು ಬೇಡಿ ಅಣ್ಣಾ, ಒಬ್ರು ಹಿರಿಯರಿಗೆ ಅಂತ ಇಟ್ಟಿದ್ದೀನಿ. ರಜದ ದಿನ ತಪ್ಪದೆ ಬರ್ತಾರೆ. ಈ ಕಡೆ ಕೂತ್ಕೊಳ್ಳಿ."

ಸೂಪಿನ ಜೊತೆ ಎರಡು ದಪ್ಪ ಬ್ರೆಡ್ಡಿನ ತುಂಡು ಬಂದವು. ಕಂಪೌಂಡರು ಒಂದನ್ನು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು. ಅದೇ ಹುಳಿ, ಹಲ್ಲಿಗೆ ಸಿಕ್ಕುವ ಅದೇ ಹೊರಪದರ. ಅವರ ಕಣ್ಣಿಂದ ನೀರು ಸೀದಾ ಸೂಪಿನೊಳಗೆ ಬಿತ್ತು.

"ಖಾರ ಆಯ್ತಾ?" ಎಂದು ಯಜಮಾನಿ ಗಾಬರಿಯಾದಳು.

"ಇಲ್ಲಮ್ಮ, ಅವರು ಹಾಗೇ," ಎಂದರು ದೊಡ್ಡಮ್ಮ. "ಬ್ರೆಡ್ಡು ಎಲ್ಲಿಂದ ತರಿಸ್ತೀಯಾ?"

"ನಾನೇ ಮಾಡ್ತೀನಿ. ಅಮ್ಮ ಹೇಳಿಕೊಟ್ಟಿದ್ದು." ಅವಳು ಎರಡೂ ಅಂಗೈಯನ್ನು ತಟ್ಟಿ ಹಿಟ್ಟು ಕೊಡವಿಕೊಂಡು ಒಳಗೆ ಹೋದಳು. ಆ ಕೊಡವುವ ರೀತಿಯನ್ನು ಕಂಪೌಂಡರು ಬೆಳಿಗ್ಗೆಯಷ್ಟೇ ಬೇರೆ ಕೈಗಳಲ್ಲಿ ನೋಡಿದ್ದರು.

"ಕಳ್ಳಿ ಸಿಕ್ಕಿದ್ಲು!" ಎಂದು ಪಿಸುಗುಟ್ಟಿದರು.

"ಸುಮ್ನಿರಿ ಕಂಪೌಂಡ್ರೇ. ನಿನ್ನೆ ಕದ್ದ ಹಿಟ್ಟಲ್ಲಿ ಯಾರೂ ಇಂಥ ಅಂಗಡಿ ಕಟ್ಟಲ್ಲ. ಸೂಪು ಆರಿಹೋಗುತ್ತೆ, ಕುಡೀರಿ."

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಎಲ್ಲರನ್ನೂ ಕೇಕಿನ ಮೇಜಿನ ಸುತ್ತ ಕೂರಿಸಿದರು. ಪ್ಯಾಕೆಟ್ಟಿನ ಈಸ್ಟು ಹಾಕಿ ಅಕ್ಕ ಮಾಡಿದ್ದ ಬ್ರೆಡ್ಡು ನಡುವೆ ಇತ್ತು. ಎಲ್ಲರೂ ಒಂದು ತುತ್ತು ತಿಂದು ಮೂಗು ಮುರಿದರು. ಒಲೆತಾತ ಮಾತ್ರ ಸುಮ್ಮನೆ ಅಗಿದು ನುಂಗಿದರು.

"ಮೊದಲು ಮಾಸ್ತರು," ಎಂದು ದೊಡ್ಡಮ್ಮ ಶುರು ಮಾಡಿದರು. "ಹಿಂಬಾಗಿಲ ವಿಷಯ ನೀವೇ ಹೇಳ್ತೀರೋ, ನಾನು ಹೇಳಲೋ? ನಿಮ್ಮ ಕೋಟಿನ ಜೇಬಿನ ಅಂಚಿಗೆ ಬಾದಾಮಿ ಚೂರು ಅಂಟಿದೆ. ಈ ಬೇಕರೀಲಿ ಬಾದಾಮಿ ಹಾಕೋ ತಿಂಡೀನೇ ಇಲ್ಲ."

ಮಾಸ್ತರು ನೆಲ ನೋಡಿದರು. "ಅವರ ಬಿಸ್ಕತ್ತು ಚೆನ್ನಾಗಿರುತ್ತೆ. ಮುಂಬಾಗಿಲಿಂದ ಹೋಗಿ ತಿನ್ನೋಕೆ ನನಗೇನು ಮಾನ ಮರ್ಯಾದೆ ಇಲ್ವಾ?"

ಸಾಹುಕಾರ ನಕ್ಕುಬಿಟ್ಟ. "ಇನ್ನು ನೀವು," ಎಂದು ದೊಡ್ಡಮ್ಮ ಅವನತ್ತ ತಿರುಗಿದರು. "ನಿಮಗೆ ಈ ಅಂಗಡಿ ಮೇಲೆ ಕಣ್ಣಿದೆ. ಆದ್ರೆ ಹಿಟ್ಟಿನ ಗಂಧ ಗೊತ್ತಿಲ್ಲ. ನೀವಾಗಿದ್ರೆ ಭರಣಿ ಸಮೇತ ಎತ್ತಿಕೊಂಡು ಹೋಗ್ತಿದ್ರಿ, ಕೂತು ಸೋಪು ಹಚ್ಚಿ ತಿಕ್ಕಿ, ಬಟ್ಟೆ ಕಟ್ಟಿ ಗೂಡಲ್ಲಿಡ್ತಿರಲಿಲ್ಲ."

"ಹಾಗಾದ್ರೆ ಕಳ್ಳ ಯಾರು?" ಎಂದಳು ಅಕ್ಕ.

"ಕಳ್ಳನೇ ಇಲ್ಲಮ್ಮ. ಹಿಟ್ಟು ಗೊತ್ತಿದ್ದೋರಿಗೆ ಒಂದು ಚಮಚ ಸಾಕು. ಕದ್ದರೆ ನಿನಗೆ ಗೊತ್ತೂ ಆಗ್ತಿರಲಿಲ್ಲ. ಇಲ್ಲಿ ಪೂರ್ತಿ ಖಾಲಿ ಮಾಡಿದ್ದಾರೆ, ಮೇಲೆ ತೊಳೆದಿದ್ದಾರೆ. ಯಾಕೆ? ಗೋಡೆಗೆ ಅಂಟಿದ್ದನ್ನ ಕೆರೆದು ನೀನು ಮತ್ತೆ ಬದುಕಿಸ್ತೀಯಾ ಅಂತ. ಅಂದ್ರೆ ಅವರಿಗೆ ಹಿಟ್ಟು ಬೇಕಿರಲಿಲ್ಲ, ನಿನ್ನ ಹತ್ತಿರ ಅದು ಇರಬಾರದಿತ್ತು. ಹಾಳು ಮಾಡೋ ಶತ್ರು ಆಗಿದ್ರೆ ಚರಂಡಿಗೆ ಚೆಲ್ತಿದ್ದ. ಇವರಿಗೆ ಚೆಲ್ಲೋಕೆ ಕೈ ಬರಲಿಲ್ಲ. ಹಿಂದೆ ಒಂದು ಹಿಡಿಯನ್ನೂ ಎತ್ತಿಡದೆ ಎಲ್ಲಾನೂ ಬ್ರೆಡ್ಡಿಗೇ ಕಲಸಿದ್ರು. ಅದಕ್ಕೇ ನಿನ್ನೆ ಹುಳಿ ಜಾಸ್ತಿ. ನಮ್ಮ ಕಂಪೌಂಡ್ರು ಕಾಫೀಲಿ ಅದ್ದಿಕೊಂಡೇ ಕಂಡುಹಿಡಿದ್ರು, ಅವರಿಗೇ ಗೊತ್ತಾಗ್ಲಿಲ್ಲ ಅಷ್ಟೆ. ನಿನ್ನ ಹಿಟ್ಟನ್ನ ಬೀದಿಯವರೆಲ್ಲ ಸೇರಿ ತಿಂದು ತೇಗಿದ್ವಿ."

ಅಕ್ಕನ ಕಣ್ಣು ನಿಧಾನಕ್ಕೆ ಅಪ್ಪನತ್ತ ಹೊರಳಿತು. ಹಿಟ್ಟು ಕಲಸುವ ಕೈ ಆ ಮನೆಯಲ್ಲಿ ಒಂದೇ ಇತ್ತು.

"ದಿನಾ ಭರಣಿ ತೆಗೆಯೋರಿಗೆ ಸರಿಯಾಗಿ ನಿನ್ನೆಯೇ ಸೊಂಟ ಹಿಡೀತು," ಎಂದರು ದೊಡ್ಡಮ್ಮ. "ಖಾಲಿ ಭರಣೀನ ನೀನೇ ನೋಡ್ಲಿ ಅಂತ. ಆದ್ರೆ ನನ್ನ ಚಿಲ್ಲರೆ ಬಿದ್ದಾಗ ಆ ಸೊಂಟ ಎಷ್ಟು ಚೆನ್ನಾಗಿ ಬಗ್ಗಿತು! ಮತ್ತೆ, ಹೆಂಡತಿ ಕೈ ಹಿಟ್ಟನ್ನ ಇವರು ಅಷ್ಟು ಧೈರ್ಯವಾಗಿ ಮುಗಿಸಬೇಕಾದ್ರೆ, ಅದು ಇನ್ನೆಲ್ಲೋ ಬದುಕಿರಬೇಕು. ಅದನ್ನ ಹುಡುಕ್ಕೊಂಡೇ ನಾವು ಊರೆಲ್ಲ ತಿಂದಿದ್ದು. ಸಿಕ್ತು. ಒಂದು ಸೂಪಿನ ಅಂಗಡೀಲಿ. ಅಲ್ಲಿ ಇವರಿಗೊಂದು ಮೆತ್ತೆ ಹಾಕಿದ ಕುರ್ಚೀನೂ ಇದೆ."

"ಅಪ್ಪಾ!" ಅಕ್ಕನ ದನಿ ಒಡೆಯಿತು. "ಅವಳ ಹತ್ರ ಹೋಗ್ತಿದ್ಯಾ?"

ಸೂಪಿನ ಅಂಗಡಿಯವಳು ಅಕ್ಕನ ತಂಗಿ. ಇಬ್ಬರೂ ಮಾತು ಬಿಟ್ಟಿದ್ದು ತಾಯಿ ಹೋದ ವರ್ಷ. ಬೇಕರಿಯಲ್ಲಿ ನಾಲ್ಕು ಮೇಜು ಹಾಕಿ ಸೂಪೂ ಮಾರೋಣ ಎಂದಿದ್ದಳು ತಂಗಿ. ಅಮ್ಮನ ಬ್ರೆಡ್ಡನ್ನು ಸೂಪಲ್ಲಿ ನೆನೆಸಿ ಗಂಜಿ ಮಾಡುತ್ತೀಯಾ, ಈ ಮನೆಯ ಒಂದು ಹಿಡಿ ಹಿಟ್ಟೂ ನಿನ್ನದಲ್ಲ, ನಡಿ ಆಚೆಗೆ ಎಂದಿದ್ದಳು ಅಕ್ಕ.

"ಆವತ್ತು ಅವಳು ಬರಿಗೈಲಿ ಹೊರಟಳು," ಎಂದರು ತಾತ. "ನಾನೇ ಹಿಂದಿನಿಂದ ಓಡಿಹೋಗಿ ಒಂದು ಹಿಡಿ ಬಟ್ಟೇಲಿ ಕಟ್ಟಿ ಕೊಟ್ಟೆ. ಆಮೇಲೆ ನಿನಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ನೀನು ಕೇಳ್ಲಿಲ್ಲ. ಇದೊಂದಕ್ಕಾದ್ರೂ ಅವಳ ಬಾಗಿಲಿಗೆ ಹೋಗ್ತೀಯಾ ಅಂದ್ಕೊಂಡೆ. ಇಬ್ರೂ ಒಂದೇ ಮೇಜಲ್ಲಿ ಕೂತು ತಿನ್ನೋದನ್ನ ನೋಡ್ಬೇಕಮ್ಮ ನನಗೆ. ಬೇರೇನೂ ಬೇಡ."

"ಅಂಗಡಿ ಮುಚ್ಚಿದ್ರೂ ಸರಿ, ನಾನು ಹೋಗಲ್ಲ," ಎಂದು ಅಕ್ಕ ಎದ್ದಳು.

ದೊಡ್ಡಮ್ಮನ ದನಿ ಏರಲಿಲ್ಲ. "ನಾನು ದಿನಾ ಬ್ರೆಡ್ಡನ್ನ ಮೂರು ಪಾಲು ಮಾಡ್ತೀನಿ. ಒಂದು ಇವರಿಗೆ, ಒಂದು ನನಗೆ, ಒಂದು ನನ್ನ ತಂಗಿಗೆ. ಅವಳು ಬರಲ್ಲ ಅಂತ ಗೊತ್ತು, ಕೈ ಕೇಳಲ್ಲ. ಯಾವ ಬಸ್ಸು ಹತ್ತಿದ್ರೂ ನಾನು ಅವಳ ಹತ್ರ ಹೋಗೋಕಾಗಲ್ಲ ಕಣೇ. ನಿನ್ನ ತಂಗಿ ಎರಡು ಸ್ಟಾಪ್ ಆಚೆ ಸೂಪು ಕಲಕ್ತಾ ಇದ್ದಾಳೆ."

ಕಂಪೌಂಡರು ತಲೆ ಬಗ್ಗಿಸಿದರು. ಅಕ್ಕ ಏಪ್ರನ್ನು ಬಿಚ್ಚಿ ಮೇಜಿನ ಮೇಲೆ ಒಗೆದು ಭರಣಿಯನ್ನು ಎತ್ತಿಕೊಂಡಳು.

ಬಸ್ಸಿನಲ್ಲಿ ಅವಳು ಅಪ್ಪನ ಪಕ್ಕ ಕೂರಲಿಲ್ಲ. ಸೂಪಿನ ಅಂಗಡಿಯ ಹೊಸ್ತಿಲಲ್ಲಿ ಮಾತ್ರ ಹಿಂದೆ ತಿರುಗಿ ಅವರು ಬರುತ್ತಿದ್ದಾರಾ ಎಂದು ನೋಡಿದಳು. ತಂಗಿ ಸೌಟು ಹಿಡಿದು ನಿಂತೇ ಇದ್ದಳು. ಅಕ್ಕ ಭರಣಿಯನ್ನು ಅವಳ ಮುಂದೆ ಇಟ್ಟಳು.

"ಒಂದು ಹಿಡಿ ಹಿಟ್ಟು ಬೇಕಿತ್ತು."

ತಂಗಿ ಭರಣಿಯೊಳಗೆ ನೋಡಿದಳು, ಮೂಸಿದಳು. "ಇದನ್ನ ಯಾರು ತೊಳೆದಿದ್ದು?"

"ಅಪ್ಪ."

"ಸೋಪು ಹಾಕಿ?"

"ಹೂಂ."

"ಅಮ್ಮ ಇದ್ದಿದ್ರೆ ಇವರಿಗೆ ಒಂದು ವಾರ ಊಟ ಹಾಕ್ತಿರಲಿಲ್ಲ," ಎಂದಳು ತಂಗಿ. ಅಕ್ಕನಿಗೆ ನಗು ಬಂತು, ನಗುತ್ತಲೇ ಅಳು ಉಕ್ಕಿತು. ತಂಗಿ ಸೌಟು ಬಿಟ್ಟು ಬಂದು ಅವಳನ್ನು ತಬ್ಬಿಕೊಂಡಳು.

"ಹಿಟ್ಟು ಆಮೇಲೆ ಕೊಡ್ತೀನಿ. ಮೊದ್ಲು ಕೂತ್ಕೋ, ಸೂಪು ಕುಡಿ."

ತಾತ ತಮ್ಮ ಮೆತ್ತೆಯ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಕ್ಕ ಬ್ರೆಡ್ಡನ್ನು ಮುರಿದು, ಒಂದು ಗಳಿಗೆ ಅನುಮಾನಿಸಿ, ಸೂಪಿನಲ್ಲಿ ಅದ್ದಿ ಬಾಯಿಗಿಟ್ಟಳು. "ಪರವಾಗಿಲ್ಲ," ಎಂದಳು. ಅಷ್ಟಕ್ಕೇ ತಂಗಿಯ ಮುಖ ಅರಳಿತು.

ಪಕ್ಕದ ಮೇಜಿನಲ್ಲಿ ದೊಡ್ಡಮ್ಮ ತಮ್ಮ ಬ್ರೆಡ್ಡನ್ನು ಮುರಿಯುತ್ತಿದ್ದರು. ಮೂರು ಪಾಲಾಯಿತು. ಅಂಗಡಿಯಲ್ಲಿ ನಗು, ಮಾತು, ಪಾತ್ರೆಗಳ ಸದ್ದು ತುಂಬಿತ್ತು. ಕಂಪೌಂಡರು ತಮ್ಮ ಪಾಲು ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು, ಇವತ್ತು ಅವರ ಸರದಿ.

"ಇನ್ನೂ ಸ್ವಲ್ಪ ಹೊತ್ತು ಇರಲಿ ಬಿಡಿ," ಎಂದರು ದೊಡ್ಡಮ್ಮ.

ಕಂಪೌಂಡರು ಕೈ ಹಿಂದೆಗೆದುಕೊಂಡರು.