ಕಿನ್ನಿಯ ಪಾಸ್‌ಪೋರ್ಟ್

ಫೆಬ್ರವರಿ ನಾಲ್ಕನೇ ತಾರೀಕು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಕೇರಳದ ಗಡಿನಾಡು ಕುಂಬ್ಡಾಜೆಯ ಭವ್ಯಶ್ರೀ ಠಾಣೆಗೆ ಬಂದು, ತನ್ನ ಐದು ವರ್ಷದ ಮಗಳ ಪಾಸ್‌ಪೋರ್ಟ್ ಮನೆಯ ಕಪಾಟಿನಿಂದ ಕಳವಾಗಿದೆ ಎಂದು ದೂರು ಕೊಟ್ಟಳು. ಇನ್‌ಸ್ಪೆಕ್ಟರ್ ಹರಿನಾಥ ದೂರು ಓದಿ ತಲೆಯೆತ್ತಿದ.

“ನಿಮ್ಮ ಹೆಸರು ಎಲ್ಲೋ ಕೇಳಿದ ಹಾಗೆ ಉಂಟಲ್ಲ?”

“ಕಳೆದ ತಿಂಗಳು ನಿಮ್ಮವರೇ ನಮ್ಮ ಮನೆಗೆ ಬಂದಿದ್ದರು ಸಾರ್. ಮಗು ನನ್ನದು ಹೌದಾ ಅಲ್ಲವಾ ಅಂತ ವಿಚಾರಿಸಲಿಕ್ಕೆ.”

ಹರಿನಾಥನಿಗೆ ನೆನಪಾಯಿತು. ಅಂಥ ವಿಚಾರಣೆ ಠಾಣೆಗೆ ದಿನಾ ಬರುವುದಿಲ್ಲ.

ಭವ್ಯಶ್ರೀ ಮತ್ತು ಗಂಡ ಅಶ್ವಿತ್ ಇಬ್ಬರಿಗೂ ಗಲ್ಫಿನಲ್ಲಿ ಕೆಲಸ. ಮಗಳು ಮೋಕ್ಷಿತಾ, ಮನೆಯಲ್ಲಿ ಕಿನ್ನಿ, ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಬೆಳೆದದ್ದು ಭವ್ಯಶ್ರೀಯ ಅಕ್ಕ ಮೋಹಿನಿಯ ಕೈಯಲ್ಲಿ. ಮದುವೆಯಾದ ವರ್ಷದೊಳಗೆ ತವರಿಗೆ ಮರಳಿದ ಮೋಹಿನಿಗೆ ಸ್ವಂತ ಮಕ್ಕಳಿಲ್ಲ. ಈ ಜನವರಿಯಲ್ಲಿ ಅಂತೂ ಮಗುವಿಗೆ ವೀಸಾ ಸಿಕ್ಕಿತು. ಭವ್ಯಶ್ರೀ ರಜೆಯಲ್ಲಿ ಬಂದು ಮಗಳನ್ನು ಕರೆದುಕೊಂಡು ಹಾರಿದಳು. ಅಲ್ಲಿನ ಇಮಿಗ್ರೇಶನ್ ಕೌಂಟರಿನಲ್ಲಿ ಅಧಿಕಾರಿ ಕಾಗದಗಳನ್ನೆಲ್ಲ ನೋಡಿ, ಸುಮ್ಮನೆ ಮಗುವಿನತ್ತ ನಕ್ಕು, ಮಲಯಾಳಿ ಸಿಬ್ಬಂದಿಯೊಬ್ಬಳ ಮೂಲಕ ಕೇಳಿದ: “ಇವರು ಯಾರು?”

“ಭವ್ಯಕ್ಕ,” ಎಂದಿತು ಮಗು.

“ನಿನ್ನ ಅಮ್ಮ ಎಲ್ಲಿ?”

“ಅಮ್ಮ ಮನೆಯಲ್ಲಿ. ಕುಂಬ್ಡಾಜೆಯಲ್ಲಿ.”

ಮಗುವಿನದು ತಪ್ಪೆನ್ನಲಾದೀತೆ? ಸಾಕಿದವಳು ಅಮ್ಮ. ಫೋನಿನೊಳಗೆ ಕಾಣುವವಳನ್ನು ಅಕ್ಕಂದಿರಿಬ್ಬರ ತಮ್ಮ ಕುಶಲ್ ದಿನಾ “ಭವ್ಯಕ್ಕಾ” ಎಂದು ಕೂಗುತ್ತಿದ್ದ, ಮಗುವೂ ಹಾಗೇ ಕರೆಯಿತು. ನಮ್ಮ ಕಡೆಯ ಮನೆಗಳಲ್ಲಿ ಹೆತ್ತ ತಾಯಿಯನ್ನು ಅಕ್ಕ ಎನ್ನುವ ಮಕ್ಕಳು ಬೇಕಾದಷ್ಟಿದ್ದಾರೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕೌಂಟರಿನ ಆಚೆ ಕೂತವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮಗುವನ್ನು ಕದ್ದು ತಂದಿರಬಹುದೆಂಬ ಸಂಶಯ ಬಂತು. ಕಾಗದಗಳೂ ಸುಳ್ಳಿರಬಹುದೆಂದಾಯಿತು. ಒಂದು ಹಗಲು ಕೂರಿಸಿ, ಇಬ್ಬರನ್ನೂ ಮರಳುವ ವಿಮಾನಕ್ಕೆ ಹತ್ತಿಸಿದರು. ಆ ಸಂಶಯವೇ ಸುತ್ತಿಬಳಸಿ ಹರಿನಾಥನ ಮೇಜಿಗೆ ಬಂದಿತ್ತು. ಹಿರಿಯ ಪೊಲೀಸ್ ಕುಂಞ ಊರಲ್ಲಿ ವಿಚಾರಿಸಿ, ಮಗು ಭವ್ಯಶ್ರೀಯದ್ದೇ ಎಂದು ವರದಿ ಕೊಟ್ಟಿದ್ದ.

“ಮತ್ತೆ ಹೋಗಲಿಕ್ಕೆ ಒಪ್ಪಿಗೆ ಸಿಕ್ಕಿತು ಸಾರ್,” ಎಂದಳು ಭವ್ಯಶ್ರೀ. “ಏಳಕ್ಕೆ ಟಿಕೇಟು. ಹತ್ತಕ್ಕೆ ವೀಸಾ ಮುಗಿಯುತ್ತದೆ. ಒಮ್ಮೆ ಸಂಶಯ ಬಂದ ಕೇಸು, ಇನ್ನೊಂದು ವೀಸಾ ಸುಲಭ ಇಲ್ಲ ಅಂತ ಅಲ್ಲಿಯವರು ಹೇಳಿದ್ದಾರೆ. ಮೊನ್ನೆ ರಾತ್ರಿ ಎರಡೂ ಇತ್ತು. ನಿನ್ನೆ ಸಂಜೆ ಕಪಾಟು ತೆರೆದರೆ ನನ್ನ ಪಾಸ್‌ಪೋರ್ಟ್ ಉಂಟು, ಅವಳದ್ದಿಲ್ಲ.”

“ಯಾರ ಮೇಲಾದರೂ ಅನುಮಾನ?”

“ಮನೆಯಲ್ಲಿ ಅಕ್ಕ, ತಮ್ಮ, ನಾನು, ಮಗು. ಯಾರ ಮೇಲೆ ಅಂತ ಹೇಳಲಿ?”

ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡೂವರೆಗೆ ಹರಿನಾಥ, ಕುಂಞ ಮತ್ತು ಮಹಿಳಾ ಪೊಲೀಸ್ ವಿಜೇತಾ ರಬ್ಬರ್ ಗುಡ್ಡದ ಬುಡದಲ್ಲಿದ್ದ ಆ ತಾರಸಿ ಮನೆಗೆ ತಲಪಿದರು. ನೆರೆಮನೆಯ ಅಮ್ಮಣಿಯನ್ನೂ ಇನ್ನೊಬ್ಬರನ್ನೂ ಪಂಚರಾಗಿ ಕರೆದರು. ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿಕೈ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಚಿನ್ನ ಇದ್ದಲ್ಲೇ ಇತ್ತು. ಹೊರಗಿನ ಕಳ್ಳ ಚಿನ್ನ ಬಿಟ್ಟು ಐದು ವರ್ಷದ ಮಗುವಿನ ಪಾಸ್‌ಪೋರ್ಟ್ ಒಯ್ಯುವುದುಂಟೆ?

ಮೊದಲು ಕುಶಲ್‌ನನ್ನು ವಿಚಾರಿಸಿದರು. ಅವನೂ ಗಲ್ಫಿಗೆ ಹೋಗಿ, ಕೆಲಸ ಸರಿಹೋಗದೆ ಎರಡು ವರ್ಷದ ಹಿಂದೆ ಮರಳಿದವನು.

“ನಿನ್ನೆ ಬೆಳಿಗ್ಗೆಯಿಂದ ಎಲ್ಲಿದ್ದೆ?”

“ಬೋವಿಕಾನದಲ್ಲಿ.”

“ಎಂತ ಕೆಲಸ?”

“ಹೀಗೇ.”

“ಅಕ್ಕ ಕರೆ ಮಾಡಿದಾಗ ಫೋನ್ ಯಾಕೆ ಆಫ್ ಇತ್ತು?”

ಕುಶಲ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. “ಒಂದು ಹುಡುಗಿಯನ್ನು ನೋಡಲಿಕ್ಕೆ ಹೋದದ್ದು ಸಾರ್. ಅಕ್ಕಂದಿರಿಗೆ ಹೇಳಬೇಡಿ ಮಾರಾಯ್ರೆ.”

ಕುಂಞ ಬೋವಿಕಾನಕ್ಕೆ ಫೋನು ಮಾಡಿ ವಿಚಾರಿಸಿದ. ಹುಡುಗಿಯೂ ನಿಜ, ಅವಳ ಮನೆಯಲ್ಲಿ ಕುಡಿದ ಚಹಾವೂ ನಿಜ.

ಮೋಹಿನಿಗೆ ನಲುವತ್ತೈದರ ಸುಮಾರು. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಕೇಳದ್ದನ್ನು ಹೇಳಲಿಲ್ಲ. ಹರಿನಾಥನಿಗೆ ಅವಳ ಮೇಲೆಯೇ ಕಣ್ಣಿತ್ತು. ಆದರೆ ವಿಜೇತಾ ಮಗುವನ್ನು ಹತ್ತಿರ ಕೂರಿಸಿಕೊಂಡು ಮಾತಾಡಿಸಿದಾಗ ಲೆಕ್ಕ ತಪ್ಪಿತು.

“ಇವರು ಯಾರು ಕಿನ್ನಿ?”

“ಅಮ್ಮ,” ಎಂದು ಮಗು ಭವ್ಯಶ್ರೀಯನ್ನು ತೋರಿಸಿತು.

“ಅವರು?”

“ದೊಡ್ಡಮ್ಮ.”

“ಜಾಣೆ. ಯಾರು ಕಲಿಸಿದ್ದು?”

“ದೊಡ್ಡಮ್ಮ.”

ಹೌದು ಎಂದಳು ಭವ್ಯಶ್ರೀ. ಮರಳಿ ಬಂದಂದಿನಿಂದ ದಿನಾ ಸಂಜೆ ಅಕ್ಕನೇ ಮಗುವನ್ನು ಮಡಿಲಲ್ಲಿ ಕೂರಿಸಿ ಪಾಠ ಹೇಳಿದ್ದು. ತಾನು ಹೇಳಿದರೆ ಮಗು ಕೇಳುತ್ತಿರಲಿಲ್ಲ. ಹರಿನಾಥ ತಲೆ ಕೆರೆದುಕೊಂಡ. ಮಗು ಹೋಗಲಿ ಎಂದು ಪಾಠ ಕಲಿಸುವವಳು, ಹೋಗದಂತೆ ಪಾಸ್‌ಪೋರ್ಟ್ ಕದಿಯುತ್ತಾಳೆಯೆ? ಮನಸ್ಸಿನಲ್ಲೇ ಅವಳ ಹೆಸರು ಹೊಡೆದುಹಾಕಿದ. ಹೊಡೆದುಹಾಕಿದ ಮೇಲೆ ಉಳಿದವರು ಯಾರೂ ಇರಲಿಲ್ಲ.

ಮನೆಯನ್ನು ಶೋಧಿಸಿದರು. ಅಕ್ಕಿ ಡಬ್ಬಿಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಏನೂ ಬಿಡಲಿಲ್ಲ. ಅಂಗಳದ ಮೂಲೆಯಲ್ಲಿ ಹಂಚು ಹಾಕಿದ ಸಣ್ಣ ದೈವದ ಕೋಣೆಯಿತ್ತು. ಅದರ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತ.

“ಕುಂಞಣ್ಣ, ನೀವು ಹೋಗ್ತೀರಾ?”

“ಮಧ್ಯಾಹ್ನ ಬಂಗುಡೆ ತಿಂದಿದ್ದೇನೆ ಸಾರ್. ನೀವೂ ವಿಜೇತಾಳೂ ತಿಂದಿದ್ದೀರಿ, ಒಟ್ಟಿಗೇ ಅಲ್ಲವಾ.”

ಇಬ್ಬರೂ ಟೋಪಿ ತೆಗೆದು ಹೊರಗಿನಿಂದಲೇ ಕೈಮುಗಿದರು. ಬಳಿಕ ಪಂಚನಾಮೆಯಲ್ಲಿ, ಅಂದರೆ ಇಲ್ಲಿನ ಠಾಣೆಗಳ ಮಹಜರಿನಲ್ಲಿ, ‘ಮನೆಯ ಎಲ್ಲ ಭಾಗಗಳನ್ನೂ ಪರಿಶೀಲಿಸಲಾಯಿತು’ ಎಂದು ಬರೆದು ಪಂಚರ ಸಹಿ ಪಡೆದರು. ಒಂದು ಬಂಗುಡೆ ಮೀನು ಕೇರಳ ಪೊಲೀಸರ ಶೋಧವನ್ನು ಹೊಸ್ತಿಲಲ್ಲೇ ತಡೆದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ, ಪಂಚರಿಗಂತೂ ಮೊದಲೇ ಇಲ್ಲ.

ಸಂಜೆ ಠಾಣೆಯಲ್ಲಿ ಮೂವರೂ ಚಹಾ ಮುಂದಿಟ್ಟುಕೊಂಡು ಕೂತರು. ಹರಿನಾಥನಿಗೆ ತಲೆಬುಡ ತಿಳಿಯಲಿಲ್ಲ. ಏಳನೇ ತಾರೀಕು ಹತ್ತಿರ ಬರುತ್ತಿತ್ತು. ಭವ್ಯಶ್ರೀ ಬೆಳಿಗ್ಗೆ ಠಾಣೆಯಿಂದ ಹೊರಡುವಾಗ, ‘ಸಿಗುತ್ತದಲ್ಲ ಸಾರ್?’ ಎಂದು ಕೇಳಿದ್ದಳು. ಅವನು ಧೈರ್ಯದಿಂದ ತಲೆಯಾಡಿಸಿಬಿಟ್ಟಿದ್ದ. ಈಗ ಅದಕ್ಕೆ ನಾಚಿಕೆಯಾಗುತ್ತಿತ್ತು.

“ಸಾರ್, ಒಂದು ಸಂಗತಿ,” ಎಂದಳು ವಿಜೇತಾ. “ಆ ದೈವದ ಕೋಣೆಯೊಳಗೆ ದೀಪ ಉರಿಯುತ್ತಾ ಇತ್ತು.”

“ದೈವದ ಮುಂದೆ ದೀಪ ಇರುವುದಿಲ್ಲವಾ?”

“ನಮ್ಮಲ್ಲಿ ಸಂಕ್ರಮಣಕ್ಕೆ ಮಾತ್ರ ಇಡುವುದು. ನಿಮ್ಮಲ್ಲಿ?”

ಹರಿನಾಥ ಚಹಾ ಲೋಟ ಕೆಳಗಿಟ್ಟ. ಅವನದ್ದೂ ತುಳು ಮಾತಾಡುವ ಮನೆಯೇ. ಸಂಕ್ರಮಣಕ್ಕೆ ಇನ್ನೂ ಒಂದು ವಾರವಿತ್ತು. ನಡುವೆ ದೀಪ ಇಟ್ಟರೆ ಅದು ಹರಕೆಯ ದೀಪ.

ಕುಶಲ್‌ಗೆ ಫೋನು ಮಾಡಿದ. “ದೈವಕ್ಕೆ ದೀಪ ಇಡುವವನು ಯಾರು?”

“ನಾನೇ ಸಾರ್. ಸಂಕ್ರಮಣಕ್ಕೆ.”

“ಇವತ್ತು ಇಟ್ಟಿದ್ದೀಯಾ?”

“ಇಲ್ಲವಲ್ಲ. ಯಾಕೆ ಸಾರ್?”

ಬುಧವಾರ ಬೆಳಿಗ್ಗೆ ಎಂಟಕ್ಕೆ ಹರಿನಾಥ ಮಿಂದು, ಚಹಾ ಮಾತ್ರ ಕುಡಿದು ಆ ಮನೆಗೆ ಹೋದ. ಪಂಚರನ್ನು ಮತ್ತೆ ಕರೆಸಿ, ಶೂ ಕಳಚಿ ದೈವದ ಕೋಣೆಯ ಒಳಗೆ ಬಗ್ಗಿದ. ದೈವದ ಮಂಚದ ಕೆಳಗೆ, ಆರಿದ ದೀಪದ ಪಕ್ಕದಲ್ಲಿ, ಕೆಂಪು ಬಟ್ಟೆಯ ಒಂದು ಗಂಟು ಇತ್ತು. ದೈವಕ್ಕೆ ಹೇಳಿಕೊಂಡು ಕಟ್ಟಿಟ್ಟ ಮುಡಿಪು. ಹರಕೆ ತೀರುವವರೆಗೆ ಕಟ್ಟಿದವರ ಹೊರತು ಯಾರೂ ಅದನ್ನು ಮುಟ್ಟುವ ಕ್ರಮವಿಲ್ಲ. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಹೊರಗೆ ಬಂದ.

“ಮೋಹಿನಿಯಕ್ಕ,” ಎಂದ. ವಿಚಾರಣೆಯಲ್ಲಿ ಹಾಗೆ ಕರೆದದ್ದು ಅದೇ ಮೊದಲು. “ಬಿಚ್ಚಬೇಕಾದವರು ನೀವಲ್ಲವಾ?”

ಅವಳು ಒಳಗೆ ಹೋಗಿ ಗಂಟು ತಂದು ಜಗಲಿಯಲ್ಲಿ ಕೂತು ಬಿಚ್ಚಿದಳು. ಒಂದು ವೀಳ್ಯದೆಲೆ, ಒಂದು ನಾಣ್ಯ, ಕಿನ್ನಿಯ ಪಾಸ್‌ಪೋರ್ಟ್.

ಭವ್ಯಶ್ರೀ ಮುಂದೆ ಬಂದಳು. “ಅಕ್ಕಾ, ನೀನಾ? ಮತ್ತೆ ಅವಳಿಗೆ ಕಲಿಸಿದ್ದು ಯಾಕೆ?”

“ನೀನು ಕೇಳಿದಿ. ಕಲಿಸಿದೆ.”

“ಹಾಗಾದರೆ ಇದು ಎಂತಕ್ಕೆ?” ಹರಿನಾಥ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೋಹಿನಿ ಕೆಂಪು ಬಟ್ಟೆಯನ್ನು ಮಡಚುತ್ತಾ ಹೇಳಿದಳು. “ಪಾಠದ ಹೊತ್ತಿಗೆ ಮಾತ್ರ ದೊಡ್ಡಮ್ಮ ಅಂತಿದ್ದಳು ಸಾರ್. ಪಾಠ ಮುಗಿದರೆ ಮತ್ತೆ ಅಮ್ಮ ಅಂತಲೇ ಕೊರಳಿಗೆ ಬೀಳುವುದು. ಆಟ ಅಂತ ಗ್ರಹಿಸಿದ್ದೆ ನಾನು. ಅವಳಿಗೂ ಆಟ, ನನಗೂ ಆಟ. ಆದಿತ್ಯವಾರ ಮಧ್ಯಾಹ್ನ ಮಲಗಿ ಎದ್ದವಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ, ‘ದೊಡ್ಡಮ್ಮ, ನೀರು’ ಅಂದಳು. ಯಾರೂ ಹೇಳಿಕೊಡದೆ.”

ಮಡಚಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು.

“ನೀರು ಕೊಟ್ಟೆ. ಮರುದಿನ ಬೆಳಿಗ್ಗೆ ಕಪಾಟು ತೆರೆದೆ. ಹತ್ತನೇ ತಾರೀಕು ದಾಟಿಸಿಕೊಡು ಅಂತ ದೈವದ ಹತ್ತಿರ ಹೇಳಿಕೊಂಡೆ. ಆಮೇಲೆ ನಾನೇ ತೆಗೆದು ಕೊಡುತ್ತಿದ್ದೆ.”

ಅಮ್ಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭವ್ಯಶ್ರೀ, “ಕೇಸು ಬೇಡ ಸಾರ್, ನಾನು ದೂರು ವಾಪಸ್ ತೆಗೆಯುತ್ತೇನೆ,” ಎಂದಳು. ಎಫ್‌ಐಆರ್ ಎಂದರೆ ಅಂಗಡಿಯ ಚೀಟಿಯೆ, ಹರಿದು ಬಿಸಾಡಲು? ಮುಂದೆ ಕೋರ್ಟಿನಲ್ಲಿ ರಾಜಿಯಾಗಬಹುದು ಎಂದಷ್ಟೇ ಹರಿನಾಥ ಹೇಳಿದ. ಬೆಳಿಗ್ಗೆ ಹತ್ತೂಕಾಲಿಗೆ ವಿಜೇತಾಳ ಸಮ್ಮುಖದಲ್ಲಿ ಮೋಹಿನಿಯ ಬಂಧನ ದಾಖಲಾಯಿತು. ಕಳ್ಳಿಯನ್ನು ಹಿಡಿದ ಸಮಾಧಾನ ಅವನಿಗೆ ಎಳ್ಳಷ್ಟೂ ಆಗಲಿಲ್ಲ. ಜೀಪು ಹೊರಡುವಾಗ ಕಿನ್ನಿ ಅಂಗಳಕ್ಕೆ ಓಡಿ ಬಂದು, ತನ್ನನ್ನು ಬಿಟ್ಟು ಯಾವ ಊರಿಗೆ ಹೋಗುತ್ತಿದ್ದೀರಿ ಎಂದು ಕೇಳಿತು.

ಅಂದೇ ಮ್ಯಾಜಿಸ್ಟ್ರೇಟರು ಮೋಹಿನಿಗೆ ಜಾಮೀನು ಕೊಟ್ಟರು, ಶನಿವಾರಗಳಂದು ಠಾಣೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿನ ಮೇಲೆ. ಪಾಸ್‌ಪೋರ್ಟ್ ಮರುದಿನ ಕೋರ್ಟಿನಿಂದ ಬಿಡುಗಡೆಯಾಯಿತು. ಏಳಕ್ಕೆ ತಾಯಿ ಮಗಳು ಮಂಗಳೂರಿನಿಂದ ಹೊರಟರು. ಸಂಜೆ ಹರಿನಾಥನ ಮೊಬೈಲಿಗೆ ಭವ್ಯಶ್ರೀಯ ಕರೆ ಬಂತು.

ಶನಿವಾರ ಬೆಳಿಗ್ಗೆ ಮೋಹಿನಿ ಮೊದಲ ಬಸ್ಸಿಗೇ ಬಂದು ಠಾಣೆಯ ಬೆಂಚಿನಲ್ಲಿ ಕೂತಿದ್ದಳು. ಹರಿನಾಥ ಅವಳಿಗೆ ಕುರ್ಚಿ ಹಾಕಿಸಿ ಹೇಳಿದ, “ಅವರು ತಲಪಿದರು.”

“ಕೌಂಟರಿನಲ್ಲಿ ಕೇಳಿದರಂತಾ?”

“ಕೇಳಿದರಂತೆ. ಇವರು ಯಾರು ಅಂತ.”

“ಎಂತ ಹೇಳಿದಳು?”

“ಅಮ್ಮ ಅಂತ ಹೇಳಿದಳಂತೆ.”

“ತಡವರಿಸಿದಳಾ ಸಾರ್?”

“ಇಲ್ಲವಂತೆ. ಕೇಳಿದ ಕೂಡಲೇ ಹೇಳಿದಳಂತೆ.”

ಮೋಹಿನಿ ತಲೆಯಾಡಿಸಿದಳು. ಕುಂಞ ತೋರಿಸಿದಲ್ಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ಅವಳು ಪಾಠ ಬೇಗ ಕಲಿತಳು ಸಾರ್,” ಎಂದಳು. “ನನಗೇ ಇನ್ನೂ ಬರುವುದಿಲ್ಲ.”